ತೂಕದ ಲೆಕ್ಕಕ್ಕೆ ವೆಬ್ ಅಪ್ಲಿಕೇಶನ್: ಜಾಂಗೋ ಪಾಠ



ಅಡಿಕೆ, ಕಾಫಿ ತೂಕದ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವುದು ಹೇಗೆಂದು ಹಲವು ಸದಸ್ಯರು ಕೇಳಿದ್ದಾರೆ. ಮನೆಯಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಈ ಪಾಠವನ್ನು ಓದಬೇಕೆಂದು ಕೋರುತ್ತೇವೆ.

ನಾವು ಆರಿಸಿಕೊಂಡಿರುವ ಸಾಧನ ಜಾಂಗೋ. ಇದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ 2003ರಲ್ಲಿ ಹುಟ್ಟಿ, 2005ರಲ್ಲಿ ಸರ್ವರಿಗೂ ಉಚಿತವಾಗಿ ಬಿಡುಗಡೆಯಾಯಿತು. ಪೈಥಾನ್ ಭಾಷೆಯಲ್ಲಿ ಬರೆದದ್ದಾದ್ದರಿಂದ ಮೊದಲು ಪೈಥಾನ್ ಹಾಕಿಕೊಂಡಿರಬೇಕು.

ಇಲ್ಲಿ ಮೌಸಿಗೆ ಕೆಲಸ ಕಡಿಮೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆದು ಎಂಟರ್ ಒತ್ತಬೇಕು. ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರದವು. ನಾವು ಉಚ್ಚಾರವನ್ನಷ್ಟೇ ಕೊಟ್ಟಿದ್ದೇವೆ. ಜಾಂಗೋ ಹೆಸರಿನ ಮೊದಲ ‘ಡಿ’ ಅಕ್ಷರ ಬಾಯಲ್ಲಿ ಬರುವುದಿಲ್ಲ, ಬರೆಯುವಾಗ ಬಿಟ್ಟರೆ ಕೆಲಸ ಕೆಟ್ಟಿತು.

‘ಪಿಪ್ ಇನ್‌ಸ್ಟಾಲ್ ಜಾಂಗೋ’ ಎಂದರೆ ಸಾಧನ ಇಳಿದು ಬರುತ್ತದೆ. ‘ಜಾಂಗೋ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ತೋಟ’ ಎಂದರೆ ತೋಟ ಎಂಬ ಫೋಲ್ಡರ್, ಅದರೊಳಗೆ ಮ್ಯಾನೇಜ್.ಪಿವೈ ಎಂಬ ಫೈಲು ಸಿದ್ಧವಾಗುತ್ತದೆ. ಮುಂದಿನ ಆಜ್ಞೆಗಳೆಲ್ಲ ಈ ಫೈಲಿನ ಮೂಲಕವೇ. ಆದ್ದರಿಂದ ‘ಸಿಡಿ ತೋಟ’ ಎಂದು ಬರೆದು ಒಳಗೆ ಹೋಗಿ. ‘ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್’ ಎಂದರೆ ಲೆಕ್ಕ ಕೂರುವ ಕೋಷ್ಟಕಗಳು ತಯಾರು. ಕಡೆಗೆ ‘ಪೈಥಾನ್ ಮ್ಯಾನೇಜ್.ಪಿವೈ ರನ್‌ಸರ್ವರ್’. ಬ್ರೌಸರಿನಲ್ಲಿ 127.0.0.1:8000 ಎಂದು ಬರೆದರೆ ರಾಕೆಟ್ ಚಿತ್ರದ ಸ್ವಾಗತ ಪುಟ ಕಾಣಬೇಕು. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಗುಂಡಿಗಳನ್ನು ಒಟ್ಟಿಗೆ ಒತ್ತಿ.

ಪ್ರಯೋಗಕ್ಕೆಂದು ನಾವೂ ಕಚೇರಿಯಲ್ಲಿ ಸುಳ್ಳು ಹೆಸರುಗಳಿಂದ ತೂಕ ತುಂಬಿದ್ದೆವು. ಯಾರೋ ಕಪ್ಪು ಕಿಟಕಿಯನ್ನು ಮುಚ್ಚಿದರು, ಪುಟ ಮಾಯ! ಲೆಕ್ಕವೆಲ್ಲ ಹೋಯಿತೆಂದು ಗಾಬರಿಯಾಯಿತು. ಹೋದದ್ದು ಸರ್ವರ್ ಮಾತ್ರ. ತುಂಬಿದ್ದೆಲ್ಲ ಫೋಲ್ಡರಿನಲ್ಲಿರುವ ಡಿಬಿ.ಎಸ್‌ಕ್ಯುಲೈಟ್3 ಎಂಬ ಒಂದೇ ಫೈಲಿನಲ್ಲಿ ಭದ್ರವಾಗಿತ್ತು. ಹಾಗೆಯೇ ಆ ಒಂದು ಫೈಲು ಅಳಿಸಿಹೋದರೆ ವರ್ಷದ ಲೆಕ್ಕವೇ ಹೋದಂತೆ. ಸರ್ವರ್ ನಿಲ್ಲಿಸಿ, ಪ್ರತಿ ಸಂಜೆ ಅದರ ನಕಲನ್ನು ಪೆನ್‌ಡ್ರೈವಿಗೆ ತೆಗೆದಿಡಿ.

ಇನ್ನು ಮುಖ್ಯವಾದ ಮಾತು. 127.0.0.1 ಎಂಬುದು ಪ್ರತಿ ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಇದನ್ನು ಪಕ್ಕದ ತೋಟದವರಿಗೆ ಕಳಿಸಿದರೆ ಅವರಿಗೆ ನಿಮ್ಮ ಪುಟ ಕಾಣದು. ಕೆಲವು ಹುಡುಗರು ರನ್‌ಸರ್ವರ್ ಮುಂದೆ 0.0.0.0:8000 ಸೇರಿಸಿ, ಸೆಟ್ಟಿಂಗ್ಸ್.ಪಿವೈ ಫೈಲಿನ ಅಲೋಡ್ ಹೋಸ್ಟ್ಸ್ ಸಾಲನ್ನೂ ತಿದ್ದಿ, ಅದೇ ವೈಫೈನಲ್ಲಿರುವ ಫೋನುಗಳಿಗೆ ತೋರಿಸುತ್ತಾರೆ. ಮನೆಯೊಳಗಿನ ಪ್ರಯೋಗಕ್ಕೆ ಅಡ್ಡಿಯಿಲ್ಲ. ಆದರೆ ಸದಸ್ಯರ ನಿಜವಾದ ಬಾಕಿ, ಬಟವಾಡೆಗಳನ್ನು ಹೀಗೆ ಹೊರಜಾಲಕ್ಕೆ ಬಿಡುವುದನ್ನು ನಾವು ಖಂಡಿತ ಒಪ್ಪುವುದಿಲ್ಲ. ರನ್‌ಸರ್ವರ್ ಸಸಿಮಡಿಯಿದ್ದಂತೆ, ಬೆಳೆಸಿ ನೋಡಲು ಮಾತ್ರ. ಜಾಂಗೋ ತಯಾರಕರೇ ಇದನ್ನು ಕಾಯಂ ಬಳಕೆಗೆ ಬೇಡವೆಂದಿದ್ದಾರೆ. ಸೆಟ್ಟಿಂಗ್ಸ್.ಪಿವೈಯಲ್ಲಿ ಡೀಬಗ್ ಎಂಬುದು ಟ್ರೂ ಎಂದಿರುವಷ್ಟು ದಿನ, ತಪ್ಪೊಂದು ಸಂಭವಿಸಿದರೆ ಪ್ರೋಗ್ರಾಮಿನ ಸಾಲುಗಳು, ಆ ಹೊತ್ತಿಗೆ ಅದರಲ್ಲಿದ್ದ ಅಂಕಿಗಳು ಎದುರಿಗಿದ್ದವರಿಗೆಲ್ಲ ಕಾಣುತ್ತವೆ. ಅದೇ ಫೈಲಿನ ಸೀಕ್ರೆಟ್ ಕೀಯನ್ನೂ ಯಾರಿಗೂ ಕಳಿಸಬಾರದು.

ತೂಕದ ಪುಸ್ತಕವನ್ನು ಸದ್ಯಕ್ಕೆ ಮುಚ್ಚಬೇಡಿ. ದಿನಾಂಕ, ತಳಿ, ಕಿಲೋಗಳ ಕೋಷ್ಟಕ ಕಟ್ಟುವುದನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇವೆ.