ಡಾಕ್ ಸೇವಕರಾಗುವ ಮುನ್ನ

ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಅಂಕ ಸಾಕು ಎಂದು ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಅರ್ಜಿ ಹಾಕುತ್ತಿದ್ದೀರಾ? ಹಾಕಿ. ಆದರೆ ‘ಸೆಂಟ್ರಲ್ ಗೌರ್ನಮೆಂಟ್ ಕೆಲಸ’ ಎಂದು ಊರಿಗೆಲ್ಲ ಸಿಹಿ ಹಂಚುವ ಮೊದಲು ಅಧಿಸೂಚನೆಯನ್ನು ಕೊನೆಯವರೆಗೂ ಓದಿ. ಇದು ಇಲಾಖೆಯ ಕಾಯಂ ನೌಕರಿಯಲ್ಲ. ಸಿಗುವುದು ಟಿಆರ್‌ಸಿಎ ಎಂಬ ಭತ್ಯೆ: 2018ರ ಪರಿಷ್ಕರಣೆಯಂತೆ ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ತಿಂಗಳಿಗೆ 10,000 ರೂಪಾಯಿ, ಶಾಖಾ ಅಂಚೆ ಪಾಲಕರಿಗೆ 12,000, ಮೇಲೆ ತುಟ್ಟಿಭತ್ಯೆ. ಅದೂ ಸುಮ್ಮನೆ ಬಂದದ್ದಲ್ಲ. ಸೇವಕರ ಭತ್ಯೆ ಪರಿಶೀಲಿಸಲು ನೇಮಕವಾಗಿದ್ದ ಕಮಲೇಶ್ ಚಂದ್ರ ಸಮಿತಿ 2016ರಲ್ಲೇ ವರದಿ ಕೊಟ್ಟಿತ್ತು. 2018ರ ಮೇ ತಿಂಗಳಲ್ಲಿ ಸೇವಕರು ಮುಷ್ಕರ ಹೂಡಿದ ಮೇಲಷ್ಟೇ ಕೇಂದ್ರ ಸಂಪುಟ ಒಪ್ಪಿದ್ದು.

ಕಾಗದದಲ್ಲಿ ನಾಲ್ಕೇ ಗಂಟೆ. ವೃದ್ಧಾಪ್ಯ ವೇತನ ಕೊಡಲು ಹೋದಾಗ, ಸವೆದ ಹೆಬ್ಬೆರಳನ್ನು ಅಜ್ಜಿ ಎಷ್ಟು ಬಾರಿ ಸೆರಗಿಗೆ ಒರೆಸಿ ಒತ್ತಿದರೂ ಬೆರಳಚ್ಚು ಯಂತ್ರ ಒಪ್ಪದಿದ್ದರೆ, ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಾದರೆ, ಆ ಹೊತ್ತಿನ ಲೆಕ್ಕ ಇಡುವವರು ಯಾರು? ನೀವೇ ಇಡಿ. ಹೊರಟದ್ದು, ಮರಳಿದ್ದು ದಿನವೂ ನೋಟ್‌ಬುಕ್ಕಿನಲ್ಲಿ ಬರಲಿ. ಕೆಲಸದ ಹೊರೆ ಹೆಚ್ಚಿದೆ ಎಂದು ಬಾಯಲ್ಲಿ ಹೇಳಿದರೆ ಆಗದು. ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಂಚೆ ಪಾಲಕರಾದರೆ ಕಚೇರಿಗೆ ಜಾಗವನ್ನೂ ನೀವೇ ಹೊಂದಿಸಬೇಕು. ಹೊಲವೋ ಅಂಗಡಿಯೋ ಇದ್ದರೆ ಬಿಡಬೇಡಿ. ಬದುಕಲು ಬೇರೆ ಆದಾಯ ಇರಬೇಕೆಂದು ಇಲಾಖೆಯ ನಿಯಮವೇ ಹೇಳುತ್ತದೆ.