‘ಗ್ಯಾಸ್ಟ್ರೈಟಿಸ್’ ಅಂತ ಬರೆದಿದ್ದಾರೆ, ಕ್ಯಾನ್ಸರಾ?

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. ಕುಣಿಮಗ್ಗದಲ್ಲಿ ಖಣ ನೇಯುತ್ತಾರೆ. ಒಂದು ವರ್ಷದಿಂದ ಎದೆ ಉರಿ, ಹೊಟ್ಟೆ ಉರಿ. ‘ಪಿತ್ತ ಆಗೇತಿ’ ಅಂತ ಗುಳಿಗೆ ನುಂಗುತ್ತಿದ್ದರು. ಸೊಂಟ ನೋವಿಗೆ ಬೇರೆ ಗುಳಿಗೆ. ಮೊನ್ನೆ ಬಾಗಲಕೋಟೆಯಲ್ಲಿ ಬಾಯೊಳಗೆ ಪೈಪ್ ಬಿಟ್ಟು ನೋಡಿ ‘ಎರೋಸಿವ್ ಆ್ಯಂಟ್ರಲ್ ಗ್ಯಾಸ್ಟ್ರೈಟಿಸ್, ಆರ್‌ಯುಟಿ ಪಾಸಿಟಿವ್’ ಎಂದು ಬರೆದಿದ್ದಾರೆ. ಇದು ಕ್ಯಾನ್ಸರಾ? ರಂಜಕ ಬಿಡಿಸಬೇಕಾ?
– ಓದುಗರು, ಗುಳೇದಗುಡ್ಡ

ಉತ್ತರ: ಆ ಸಾಲು ಕ್ಯಾನ್ಸರ್ ಎನ್ನುತ್ತಿಲ್ಲ. ಜಠರದ ಕೆಳಭಾಗದ ಒಳಪದರ ಕೆಂಪಾಗಿ ಬಾತು, ಅಲ್ಲಲ್ಲಿ ಮೇಲ್ಮೈ ತರಚಿದೆ ಎಂದಷ್ಟೇ ಅದರರ್ಥ. ಗಾಯ ಆಳಕ್ಕಿಳಿದರೆ ಅದನ್ನು ಅಲ್ಸರ್ ಎನ್ನುತ್ತಾರೆ. ಎಂಡೋಸ್ಕೋಪಿಗೆ ಬರುವವರಲ್ಲಿ ತೀರಾ ಸಾಮಾನ್ಯವಾಗಿ ಕಾಣುವುದು ಈ ಗ್ಯಾಸ್ಟ್ರೈಟಿಸ್ಸೇ. ಏನೂ ಇಲ್ಲದೆ ‘ನಾರ್ಮಲ್’ ಬರುವವರೂ ಬಹಳ.

ನಿಜವಾಗಿ ಗಮನಿಸಬೇಕಾದದ್ದು ‘ಆರ್‌ಯುಟಿ ಪಾಸಿಟಿವ್’. ಪೈಪಿನ ಮೂಲಕವೇ ಸಣ್ಣ ಚಿಮಟ ಇಳಿಸಿ, ಅಕ್ಕಿನುಚ್ಚಿನಷ್ಟು ಚೂರು ಕಿತ್ತು, ಯೂರಿಯಾ ಬೆರೆಸಿದ ಹಳದಿ ದ್ರಾವಣಕ್ಕೆ ಹಾಕುತ್ತಾರೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾ ಒಡೆದು ಅಮೋನಿಯಾ ಬಿಡುತ್ತದೆ, ಹಳದಿ ಬಣ್ಣ ನೋಡನೋಡುತ್ತಲೇ ಗುಲಾಬಿಗೆ ತಿರುಗುತ್ತದೆ. ಅಲ್ಸರ್ ಬರುವುದು ಖಾರದಿಂದ, ಚಿಂತೆಯಿಂದ ಎಂದೇ ವೈದ್ಯರೂ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ಗ್ಯಾಸ್ಟ್ರೈಟಿಸ್ ಆಯಿತು. 2005ರಲ್ಲಿ ಅವರಿಗೂ ಸಹಸಂಶೋಧಕ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು.

ಹಾಗಾಗಿ ರಂಜಕದ ಖಾರದ ಮೇಲೆ ತಪ್ಪು ಹೊರಿಸುವುದು ಬೇಡ. ಉರಿ ಇರುವಷ್ಟು ದಿನ ಕಡಿಮೆ ಮಾಡಿದರೆ ಸಾಕು. ಬಿಡಿಸಬೇಕಾದದ್ದು ಆ ಸೊಂಟನೋವಿನ ಗುಳಿಗೆ. ದಿನವಿಡೀ ಕುಣಿಯಲ್ಲಿ ಕಾಲು ಇಳಿಬಿಟ್ಟು ಬಾಗಿ ಕೂತವರಿಗೆ ಸೊಂಟ ಹಿಡಿಯುವುದು ಸಹಜ, ನೋವು ಸುಳ್ಳಲ್ಲ. ಆದರೆ ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ಜಠರದ ಒಳಪದರ ಕಾಯುವ ಲೋಳೆಯನ್ನೇ ಕುಂದಿಸುತ್ತವೆ. ಬ್ಯಾಕ್ಟೀರಿಯಾವೂ ಇದ್ದು ಈ ಗುಳಿಗೆಯೂ ಸೇರಿದರೆ ಅಲ್ಸರ್ ಆಗಿ ರಕ್ತ ಸೋರುವ ಅಪಾಯ ಬಹಳ ಹೆಚ್ಚು. ಯಾವ ನೋವಿನ ಗುಳಿಗೆ, ದಿನಕ್ಕೆ ಎಷ್ಟು ಎಂಬುದನ್ನು ಯಜಮಾನರು ವೈದ್ಯರ ಮುಂದೆ ಮುಚ್ಚಿಡಬಾರದು. ಗುಳಿಗೆಯ ಖಾಲಿ ಸ್ಟ್ರಿಪ್ಪನ್ನೇ ಒಯ್ದು ತೋರಿಸಿದರೆ ಇನ್ನೂ ಒಳ್ಳೆಯದು.

ತಂಬಾಕು, ಗುಟ್ಕಾ, ಸಾರಾಯಿ ಇದ್ದರೆ ಮಾತು ಬೇರೆ, ಆಗ ಕ್ಯಾನ್ಸರಿನ ಭಯ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಅಲ್ಲಿ ಗಂಡಸರ ಪಟ್ಟಿಯಲ್ಲಿ ಜಠರ, ಅನ್ನನಾಳದ ಕ್ಯಾನ್ಸರ್ ಮುಂಚೂಣಿಯಲ್ಲೇ ಇವೆ. ರೊಟ್ಟಿ ತುತ್ತು ಗಂಟಲಿಂದ ಇಳಿಯದೆ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ: ಇವುಗಳಲ್ಲಿ ಒಂದು ಕಂಡರೂ ‘ಪಿತ್ತ’ ಎಂದು ಕೂರದೆ ತಡಮಾಡದೆ ಪೈಪ್ ಹಾಕಿಸಿ ನೋಡಲೇಬೇಕು. ರಕ್ತ ವಾಂತಿ, ಕಪ್ಪು ಮಲಕ್ಕಂತೂ ಅಂದೇ ಆಸ್ಪತ್ರೆಗೆ ಓಡಬೇಕು.

ಈ ಬ್ಯಾಕ್ಟೀರಿಯಾಕ್ಕೆ ಕೊಡುವ ಆ್ಯಂಟಿಬಯಾಟಿಕ್ ಕೋರ್ಸ್ ಸಾಮಾನ್ಯವಾಗಿ 14 ದಿನದ್ದು. ನಾಲ್ಕೇ ದಿನಕ್ಕೆ ಉರಿ ತಗ್ಗಿತೆಂದು ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಳಿದು, ಅದೇ ಔಷಧಿಗೆ ಮತ್ತೆ ಬಗ್ಗದಿರಬಹುದು. ಕೋರ್ಸ್ ಮುಗಿದು ಕನಿಷ್ಠ 4 ವಾರದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮುಂಚಿನ 2 ವಾರ ಆಸಿಡಿಟಿ ಗುಳಿಗೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ‘ನೆಗೆಟಿವ್’ ಎಂದೇ ಬರಬಹುದು.