ನೇರಪ್ರಸಾರ ನಿಂತಾಗ ತಪ್ಪು ಎಲ್ಲಿದೆ?

ಮೈಸೂರು ದಸರೆಯ ಮೆರವಣಿಗೆಯನ್ನು ಚಂದನ ವಾಹಿನಿಯಲ್ಲಿ ಕಾಣಬೇಕೆಂದು ಪರಸ್ಥಳದ ಬಾಡಿಗೆ ಕೋಣೆಯಲ್ಲಿ ನಾಲ್ಕಾರು ಜನ ಕಂಪ್ಯೂಟರಿನ ಮುಂದೆ ಕೂಡಿರುತ್ತಾರೆ. ಅಂಬಾರಿ ಹೊತ್ತ ಆನೆ ಹೆಜ್ಜೆಯಿಡುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ತೆರೆಯ ನಡುವೆ ಒಂದು ಚಕ್ರ ಗಿರಗಿರನೆ ಸುತ್ತತೊಡಗುತ್ತದೆ. ಯಂತ್ರವೇ ಕೆಟ್ಟಿತೆಂದು ಭಾವಿಸಿ ಮರುದಿನ ರಿಪೇರಿಯವನ ಕೈಗೆ ಹಣ ಹಾಕುವವರು ನಮ್ಮಲ್ಲಿ ಅನೇಕರು. ಕೆಟ್ಟಿರುವುದು ಬಹಳ ಸಲ ಯಂತ್ರವಲ್ಲ. ತಪ್ಪು ಯಾವ ಕಡೆಗಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಹಣವೂ ಉಳಿಯುತ್ತದೆ, ಮೋಸಹೋಗುವ ಸಂಭವವೂ ತಪ್ಪುತ್ತದೆ.

ನೇರಪ್ರಸಾರದ ಚಿತ್ರವು ನಲ್ಲಿಯ ನೀರಿನಂತೆ ಒಂದೇ ಧಾರೆಯಾಗಿ ಬರುವುದಿಲ್ಲ. ಕ್ಯಾಮೆರಾದ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಒಂದೊಂದು ಕಡತವಾಗಿ ಇಡುತ್ತಾರೆ. ಯಾವ ತುಂಡಿನ ಹಿಂದೆ ಯಾವುದು ಎಂಬ ಪಟ್ಟಿಯೊಂದು ಕ್ಷಣಕ್ಷಣಕ್ಕೂ ಬೆಳೆಯುತ್ತಿರುತ್ತದೆ. ಆಪಲ್ ಸಂಸ್ಥೆಯು 2009ರಲ್ಲಿ ಬಳಕೆಗೆ ತಂದ ಪದ್ಧತಿ ಇದೇ. ನಮ್ಮ ಬ್ರೌಸರು ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿ, ತುಂಡುಗಳನ್ನು ತರಿಸಿ, ಎರಡು ಮೂರನ್ನು ಕೈಯಲ್ಲಿಟ್ಟುಕೊಂಡು ತೋರಿಸುತ್ತದೆ. ಹಳೆಯ ಸಿನಿಮಾ ಆದರೆ ಎಲ್ಲ ತುಂಡುಗಳೂ ಸಿದ್ಧವಾಗಿರುವುದರಿಂದ ಮುಂದಿನ ಹಲವು ನಿಮಿಷದ್ದನ್ನು ಕೂಡಿಡಬಹುದು. ನೇರಪ್ರಸಾರದಲ್ಲಿ ಮುಂದಿನ ತುಂಡು ಇನ್ನೂ ಹುಟ್ಟಿಯೇ ಇರುವುದಿಲ್ಲವಲ್ಲ! ಆದುದರಿಂದ ಲೈನು ಹತ್ತಿಪ್ಪತ್ತು ಸೆಕೆಂಡು ತಡವರಿಸಿದರೂ ದಾಸ್ತಾನು ಮುಗಿದು ಚಿತ್ರ ನಿಲ್ಲುತ್ತದೆ. ಕ್ರಿಕೆಟ್ಟಿನಲ್ಲಿ ವಿಕೆಟ್ಟು ಬಿದ್ದ ಕೂಗು ಪಕ್ಕದ ಮನೆಯ ಡಿಶ್ಶಿನಿಂದ ಮೊದಲು ಕೇಳಿ, ನಮ್ಮ ತೆರೆಯಲ್ಲಿ ಅರ್ಧ ನಿಮಿಷದ ಮೇಲೆ ಬೀಳುವುದಕ್ಕೂ ಈ ತುಂಡುಗಳೇ ಕಾರಣ. ಅದು ದೋಷವಲ್ಲ, ಅದನ್ನು ಸರಿಪಡಿಸಲು ಹೊರಡಬೇಕಾದುದಿಲ್ಲ.

ಚಿತ್ರ ನಿಂತೊಡನೆ ಮಾಡತಕ್ಕ ಪರೀಕ್ಷೆ ಸುಲಭ. ಅದೇ ವಾಹಿನಿಯನ್ನು ಮೊಬೈಲಿನಲ್ಲಿ, ಮನೆಯ ವೈ-ಫೈ ಬಿಟ್ಟು ಮೊಬೈಲಿನ ಸ್ವಂತ ಡೇಟಾದಿಂದ ತೆರೆದು ನೋಡಿರಿ. ಅಲ್ಲಿಯೂ ಬಾರದಿದ್ದರೆ ತಪ್ಪು ಬಹುತೇಕ ಪ್ರಸಾರ ಮಾಡುವವರದು, ಕಾಯುವುದೊಂದೇ ಉಪಾಯ. ಅಲ್ಲಿ ಬಂದರೆ, ಕಂಪ್ಯೂಟರಿನಲ್ಲಿ ಬೇರೊಂದು ನೇರಪ್ರಸಾರವನ್ನೂ ಒಂದು ಹಳೆಯ ವಿಡಿಯೋವನ್ನೂ ನಡೆಸಿರಿ. ಎಲ್ಲವೂ ನಿಂತರೆ ಲೈನಿನ ದೋಷ. ಹಳೆಯದು ಓಡಿ ನೇರದ್ದು ಮಾತ್ರ ತಡವರಿಸಿದರೆ ಲೈನು ಇದೆ, ಆದರೆ ಸಮನಾಗಿಲ್ಲ. ಉಳಿದೆಲ್ಲ ಓಡಿ ಅದೊಂದೇ ವಾಹಿನಿ ನಿಂತರೆ ಬ್ರೌಸರನ್ನು ಅನುಮಾನಿಸಬೇಕು.

ತೆರೆಯ ಮೇಲೆ ಅಂಕಿ ಬಂದರೆ ಗಾಬರಿಯಾಗದೆ ಬರೆದಿಟ್ಟುಕೊಳ್ಳಿರಿ. 404 ಎಂದರೆ ಕೇಳಿದ ವಸ್ತು ಆ ವಿಳಾಸದಲ್ಲಿಲ್ಲ. 503 ಎಂದರೆ ಅವರ ಸರ್ವರು ಸದ್ಯಕ್ಕೆ ಕೆಲಸ ಮಾಡಲಾರದು, ದೊಡ್ಡ ಪಂದ್ಯದ ದಿನ ಇದು ಅಪರೂಪವೇನಲ್ಲ. 403 ಎಂದರೆ ವಸ್ತು ಇದೆ, ನಿಮಗೆ ಕೊಡಲು ಅಪ್ಪಣೆಯಿಲ್ಲ. ಲಾಗಿನ್ನಿನ ಅವಧಿ ಮುಗಿದಿರಬಹುದು, ಅಥವಾ ವಿ.ಪಿ.ಎನ್. ಚಾಲೂ ಇದ್ದು ನೀವು ಪರದೇಶದಲ್ಲಿರುವಂತೆ ಕಂಡಿರಬಹುದು.

ನಮ್ಮವರಲ್ಲಿ ಬಹುಮಂದಿ ಮೊಬೈಲಿನ ಹಾಟ್‌ಸ್ಪಾಟಿನಿಂದಲೇ ಕಂಪ್ಯೂಟರು ನಡೆಸುವವರಾದ್ದರಿಂದ ಒಂದು ಲೆಕ್ಕವನ್ನು ಹೇಳಲೇಬೇಕು. ಸಾಧಾರಣ ಸ್ಪಷ್ಟತೆಯ ಚಿತ್ರಕ್ಕೆ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ಟು ಎಂದಿಟ್ಟುಕೊಂಡರೆ ಗಂಟೆಗೆ 675 ಮೆಗಾಬೈಟು ಆಗುತ್ತದೆ. ದಿನಕ್ಕೆ ಒಂದೂವರೆ ಗಿಗಾಬೈಟಿನ ಪ್ಲ್ಯಾನು ಎರಡು ಗಂಟೆ ಕಾಲು ದಾಟುವುದರೊಳಗೆ ಬರಿದು. ಆಮೇಲೆ ಎಷ್ಟೋ ಪ್ಲ್ಯಾನುಗಳಲ್ಲಿ ವೇಗವು 64 ಕಿಲೋಬಿಟ್ಟಿಗೆ ಇಳಿಯುತ್ತದೆ, ಅಂದರೆ ಬೇಕಾದುದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಸಂಜೆ ಏಳಕ್ಕೆ ಸರಿಯಾಗಿದ್ದುದು ಒಂಬತ್ತಕ್ಕೆ ನಿಂತರೆ ಮೊದಲು ಡೇಟಾದ ಶಿಲ್ಕು ನೋಡಬೇಕು. ಪ್ಲೇಯರಿನ ಹಲ್ಲುಚಕ್ರದ ಗುರುತನ್ನು ಒತ್ತಿ ಸ್ಪಷ್ಟತೆಯನ್ನು ತಾವೇ 480ಕ್ಕೋ 360ಕ್ಕೋ ಇಳಿಸಿದರೆ ಡೇಟಾ ಹೆಚ್ಚುಕಾಲ ಬರುತ್ತದೆ, ಚಿತ್ರವೂ ನಿಲ್ಲದೆ ನಡೆಯುತ್ತದೆ. ಸಣ್ಣ ಮಾನಿಟರಿನಲ್ಲಿ ವಾರ್ತೆ ಕೇಳಲು ಇಷ್ಟು ಧಾರಾಳವಾಯಿತು.

ಚಾಳುಗಳ ಕಷ್ಟ ಇನ್ನೊಂದು ಬಗೆಯದು. 2.4 ಗಿಗಾಹರ್ಟ್ಸಿನ ವೈ-ಫೈಯಲ್ಲಿ ಒಂದಕ್ಕೊಂದು ತಾಗದೆ ನಡೆಯುವ ದಾರಿಗಳು 1, 6, 11 ಎಂಬ ಮೂರೇ. ಒಂದು ಮಹಡಿಯಲ್ಲಿ ಇಪ್ಪತ್ತು ರೌಟರುಗಳಿದ್ದರೆ ಮೂರು ಬಾಗಿಲಿನಲ್ಲಿ ಇಪ್ಪತ್ತು ಸಂಸಾರ ನುಗ್ಗಿದಂತೆ. ರೌಟರಿನಲ್ಲಿ 5 ಗಿಗಾಹರ್ಟ್ಸಿನ ಸೌಕರ್ಯವಿದ್ದರೆ ಅದನ್ನು ಬಳಸಿರಿ. ಆದರೆ ಅದು ಗೋಡೆಗಳನ್ನು ಅಷ್ಟು ಚೆನ್ನಾಗಿ ದಾಟಲಾರದು. ಎಲ್ಲಕ್ಕಿಂತ ಮೇಲು ರೌಟರಿನಿಂದ ಕಂಪ್ಯೂಟರಿಗೆ ಒಂದು ಲ್ಯಾನ್ ತಂತಿ.

ಕೊನೆಗೆ ಯಂತ್ರದ ಮಾತು. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರುಗಳಲ್ಲಿ ಗಡಿಯಾರ ಹಿಂದೆಬೀಳುವುದುಂಟು. ತಾರೀಖು ತಪ್ಪಿದರೆ ಬ್ರೌಸರು ಸೈಟಿನ ಪ್ರಮಾಣಪತ್ರವನ್ನು ನಂಬದೆ, ಸಂಪರ್ಕ ಸುರಕ್ಷಿತವಲ್ಲವೆಂದು ಬಾಗಿಲು ಹಾಕುತ್ತದೆ. ತಾರೀಖು ಸರಿಪಡಿಸಿದರೆ ಸಾಕು. ದಿನವೂ ತಪ್ಪುತ್ತಿದ್ದರೆ ಒಳಗಿನ ಸಿ.ಆರ್. 2032 ಎಂಬ ನಾಣ್ಯದಂಥ ಬ್ಯಾಟರಿ ಮುಗಿದಿರುವ ಸಂಭವ ಹೆಚ್ಚು. ಅದರ ಬೆಲೆ ಅಲ್ಪ. ಶಬ್ದ ಬಂದು ಚಿತ್ರ ಕಪ್ಪಾಗಿದ್ದರೆ ಬ್ರೌಸರಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಆಕ್ಸೆಲರೇಷನ್ ಎಂಬುದನ್ನು ನಿಲ್ಲಿಸಿ ಮತ್ತೆ ತೆರೆಯಿರಿ. ಜಾಹೀರಾತು ತಡೆಯುವ ಜೋಡಣೆಗಳೂ ಪ್ಲೇಯರನ್ನು ಕೆಡಿಸುತ್ತವೆ. ಪ್ರೈವೇಟ್ ಕಿಟಕಿಯಲ್ಲಿ ಅವು ಸಾಮಾನ್ಯವಾಗಿ ಸುಮ್ಮನಿರುವುದರಿಂದ, ಅಲ್ಲಿ ಚಿತ್ರ ಬಂದರೆ ಕಳ್ಳ ಸಿಕ್ಕಂತಾಯಿತು. ವಿಂಡೋಸ್ 7 ಇರುವವರಿಗೆ ಕ್ರೋಮ್ ಬ್ರೌಸರು 2023ರ ಜನವರಿಯಲ್ಲಿ ಬಂದ 109ನೆಯ ಆವೃತ್ತಿಗೇ ಮುಗಿಯಿತು. ಹೊಸ ಪ್ಲೇಯರುಗಳು ಅದರಲ್ಲಿ ನಡೆಯದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಮೋಸದ ವಿಷಯ. ಚಿತ್ರ ನಿಂತ ಬೇಸರದಲ್ಲಿ ಕಂಡಕಂಡ ಸೈಟು ತೆರೆದಾಗ, ಫ್ಲ್ಯಾಶ್ ಪ್ಲೇಯರನ್ನು ಹೊಸದು ಮಾಡಿಕೊಳ್ಳಿ ಎಂಬ ಸೂಚನೆ ಬಂದರೆ ಮುಟ್ಟಲೇಬಾರದು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶಿಗೆ ಬೆಂಬಲ ನಿಲ್ಲಿಸಿತು. ಸತ್ತದ್ದಕ್ಕೆ ಹೊಸ ಅಂಗಿ ತೊಡಿಸುವವನು ವಂಚಕನೇ ಸರಿ. ಹಾಗೆಯೇ ಗೂಗಲಿನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರಿಗೆ ಫೋನು ಮಾಡಿ, ಅವರು ಹೇಳಿದರೆಂದು ದೂರದಿಂದ ಯಂತ್ರ ನಡೆಸುವ ತಂತ್ರಾಂಶವನ್ನು ಹಾಕಿಕೊಂಡವರ ಬ್ಯಾಂಕಿನ ಹಣ ಹೋಗುವುದು ಈಗಲೂ ನಡೆದಿದೆ. ನಂಬರು ಬೇಕಾದರೆ ಆಯಾ ಸಂಸ್ಥೆಯ ಸ್ವಂತ ಆ್ಯಪಿನಲ್ಲೋ ಬಿಲ್ಲಿನ ಮೇಲೆಯೋ ನೋಡಿರಿ. ಓ.ಟಿ.ಪಿ. ಕೇಳಿದರೆ ಫೋನು ಇಟ್ಟುಬಿಡಿರಿ. ಹಣ ಹೋಗಿಯೇ ಬಿಟ್ಟಿದ್ದರೆ ಒಡನೆ ಅಂತರ್ಜಾಲದ ಸಂಪರ್ಕ ಕಡಿದು, ಬ್ಯಾಂಕಿಗೂ 1930 ಎಂಬ ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸತಕ್ಕದ್ದು. ಹಣ ಮುಂದಿನ ಖಾತೆಗಳಿಗೆ ದಾಟುವುದರೊಳಗೆ ದೂರು ಮುಟ್ಟಿದರೆ ತಡೆಹಿಡಿಯುವ ಅವಕಾಶವಿರುತ್ತದೆ.